ಯಾವ ಕಿವಿ ಅಂತ ಬರೆದಿಲ್ಲ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಕೋಣೆಗೂ ಮುರುಕು ಮಂಚಗಳ ಉಗ್ರಾಣಕ್ಕೂ ನಡುವೆ ದಾಖಲೆ ಕೋಣೆ ಇತ್ತು. ಅಲ್ಲಿ ಕೂರುವವಳನ್ನು ಇಡೀ ಆಸ್ಪತ್ರೆ ಕೋಡಕ್ಕ ಎಂದೇ ಕರೆಯುತ್ತಿತ್ತು. ಮೇಲಿನ ಮಹಡಿಗಳಲ್ಲಿ ಡಾಕ್ಟರುಗಳು ಗೀಚಿ ಕಳಿಸಿದ ಪ್ರತಿಯೊಂದು ಕಾಯಿಲೆಗೂ ಒಂದು ಅಕ್ಷರ, ಅದರ ಬೆನ್ನಿಗೆ ನಾಲ್ಕಾರು ಅಂಕಿ ಹುಡುಕಿ ಕಂಪ್ಯೂಟರಿಗೆ ಏರಿಸುವುದು ಅವಳ ಕೆಲಸ. ಮದುವೆಯಾದ ಹೊಸದರಲ್ಲಿ ಗಂಡ "ಅಲ್ಲಿ ನಿಂಗೇನು ಕೆಲಸ?" ಎಂದು ಕೇಳಿದಾಗ ಅವಳು "ಕೋಡು ಹಾಕೋದು" ಅಂದಿದ್ದಳು. "ಯಾರ ತಲೆಗೆ?" ಎಂದು ಆ ಪುಣ್ಯಾತ್ಮ ಗಾಬರಿಯಾಗಿದ್ದ.

ಹನ್ನೊಂದು ವರ್ಷದ ಈ ಕೆಲಸದಲ್ಲಿ ಅವಳಿಗೆ ಕಂಡರಾಗದ ವಸ್ತು ಒಂದೇ: "ನಿರ್ದಿಷ್ಟಪಡಿಸಿಲ್ಲ" ಎಂಬ ಸಾಲು. ಕಿವಿಯಿಂದ ರಕ್ತ ಬಂತು ಅನ್ನಿ, ಬಲಗಿವಿಗೆ ಒಂದು ಸಂಖ್ಯೆ, ಎಡಗಿವಿಗೆ ಒಂದು, ಎರಡೂ ಆದರೆ ಮತ್ತೊಂದು. ಯಾವ ಕಿವಿ ಎಂದು ಬರೆಯಲು ಬೇಸರಪಟ್ಟುಕೊಂಡ ಡಾಕ್ಟರ ಉಪಕಾರಕ್ಕಾಗಿ ನಾಲ್ಕನೆಯದೂ ಇತ್ತು. ಅದನ್ನು ಒತ್ತುವಾಗ ಕೋಡಕ್ಕನಿಗೆ ತುತ್ತಿನಲ್ಲಿ ಕಲ್ಲು ಕಡಿದಂತಾಗುತ್ತಿತ್ತು. "ಇರೋದೇ ಎರಡು ಕಿವಿ. ಅದರಲ್ಲಿ ಯಾವುದು ಅಂತ ಬರೆಯೋಕೆ ಎಷ್ಟು ಮಸಿ ಖರ್ಚಾಗುತ್ತೆ?" ಎಂದು ಗೊಣಗುತ್ತಿದ್ದಳು.

ಇನ್ನೊಂದು ಅಭ್ಯಾಸವೂ ಅವಳಿಗಿತ್ತು. ಫೈಲು ತೆರೆದ ಕೂಡಲೇ ರೋಗಿಯ ಹೆಸರಿನ ಮೇಲೆ ಸ್ಕೇಲು ಇಟ್ಟುಬಿಡುತ್ತಿದ್ದಳು. ಊರೆಲ್ಲ ಬರುವ ಆಸ್ಪತ್ರೆ, ಯಾರದೋ ಮೂಲವ್ಯಾಧಿ ನೆನಪಿಟ್ಟುಕೊಂಡು ಅವರನ್ನು ಬಸ್ಸಿನಲ್ಲಿ ಎದುರಿಸುವುದು ಬೇಡ ಎಂದು. ಫೈಲಿನ ನಂಬರು ಸಾಕು, ವಯಸ್ಸು ಸಾಕು, ಕಾಯಿಲೆ ಸಾಕು.

ಆ ಸೋಮವಾರ ಬೆಳಿಗ್ಗೆ ಬಂದ ಫೈಲಿನಲ್ಲಿ ಇದ್ದದ್ದು ಇಷ್ಟೇ: "ಗಂಡಸು, ಐವತ್ತೆಂಟು. ಕಿವಿಯಿಂದ ರಕ್ತ. ಸ್ವಚ್ಛ ಮಾಡಿದೆ. ಹತ್ತಿ ಇಟ್ಟಿದೆ. ಸಲಹೆ ನೀಡಿದೆ." ಯಾವ ಕಿವಿ? ಇಲ್ಲ. ಯಾಕೆ ಬಂತು? ಅದೂ ಇಲ್ಲ. "ಕಾರಣ ತಿಳಿದಿಲ್ಲ" ಎಂಬ ಚೌಕದಲ್ಲಿ ಮಾತ್ರ ಒಂದು ಪುಟ್ಟ ಟಿಕ್, ಬರೆದ ಕೈ ಹೆದರಿತ್ತೇನೋ ಎಂಬಂಥದ್ದು. ಕೆಳಗೆ ಕಿವಿ ವಿಭಾಗಕ್ಕೆ ಮೂರು ತಿಂಗಳ ಹಿಂದೆ ಸೇರಿದ್ದ ಕಿರಿಯ ಡಾಕ್ಟರಮ್ಮನ ಸಹಿ.

ಕೋಡಕ್ಕನಿಗೆ ಮೈಯೆಲ್ಲ ಉರಿಯಿತು. ಹಿಂದಿನ ಶುಕ್ರವಾರ ತಾನೇ ಆಸ್ಪತ್ರೆಯ ಮುಖ್ಯಸ್ಥರು, ಎಲ್ಲರೂ ದೊಡ್ಡ ಡಾಕ್ಟ್ರು ಅನ್ನುವವರು, ಎಲ್ಲ ವಿಭಾಗದವರನ್ನೂ ಸಭಾಂಗಣದಲ್ಲಿ ಕೂರಿಸಿ ಎರಡು ಗಂಟೆ ಇದೇ ವಿಷಯ ಹೇಳಿಸಿದ್ದರು. ಅವರೇ ಕಿವಿಯ ಡಾಕ್ಟರು. ಹುಬ್ಬು ಎತ್ತಿದರೆ ಸಾಕು, ಕಾರಿಡಾರು ಖಾಲಿಯಾಗುತ್ತಿತ್ತು. "ಅರ್ಧ ಬರೆದ ದಾಖಲೆ ಅಂದರೆ ಅರ್ಧ ಮಾಡಿದ ಚಿಕಿತ್ಸೆ" ಎಂದು ಅಂದು ಗುಡುಗಿದ್ದರು. ಅದಾದ ಮೂರೇ ದಿನಕ್ಕೆ, ಅದೂ ಅವರದೇ ವಿಭಾಗದಿಂದ, ಇಂಥ ಫೈಲು!

ಅವಳು ಚೀಟಿ ಬರೆದಳು. ಡಾಕ್ಟರನ್ನು ಪ್ರಶ್ನೆ ಕೇಳುವುದಕ್ಕೂ ಒಂದು ಕ್ರಮ ಇತ್ತು. "ಎಡಗಿವಿ ಅಲ್ಲವೇ?" ಎಂದು ಉತ್ತರವನ್ನು ಬಾಯಿಗೆ ತುರುಕುವಂತಿರಲಿಲ್ಲ. ಹಾಗಾಗಿ ಬರೆದದ್ದು: "ರಕ್ತ ಬಂದದ್ದು ಯಾವ ಕಿವಿಯಿಂದ? ಕಾರಣವೇನು?"

ಫೈಲು ಗಾಡಿ ತಳ್ಳುವ ಮೀಸೆ ಮಾಮ ಅದನ್ನು ಮೇಲೆ ಒಯ್ದು ಅರ್ಧ ಗಂಟೆಗೆ ವಾಪಸು ತಂದ. ಉತ್ತರ: "ಕಿವಿಯಿಂದ. ಕಾರಣ, ರಕ್ತಸ್ರಾವ."

"ಆಹಾ!" ಅಂದಳು ಕೋಡಕ್ಕ. ಎರಡನೆಯ ಚೀಟಿ ಹೋಯಿತು. ಉತ್ತರ: "ರೋಗಿ ಹೇಳಲು ಇಷ್ಟಪಡಲಿಲ್ಲ."

"ಯಾವ ಕಿವಿ ಅಂತ ರೋಗಿ ಯಾಕೆ ಹೇಳ್ಬೇಕು ಮಾಮಾ? ಹತ್ತಿ ಇಟ್ಟವರಿಗೆ ಕಣ್ಣಿರಲಿಲ್ವಾ?"

"ನಂಗೇನು ಗೊತ್ತಮ್ಮ. ಆದ್ರೆ ಆ ಡಾಕ್ಟ್ರಮ್ಮ ನಿಮ್ಮ ಚೀಟಿ ನೋಡಿ ಫ್ಯಾನ್ ಕೆಳಗೇ ಬೆವೆತುಬಿಟ್ರು" ಅಂದ ಮೀಸೆ ಮಾಮ.

ಮೂರನೆಯ ಚೀಟಿಗೆ ಬಂದ ಉತ್ತರ ನೋಡಿ ಕೋಡಕ್ಕ ಎದ್ದೇ ನಿಂತಳು. "ಅಕ್ಕಾ, ದಯವಿಟ್ಟು ಬಿಟ್ಟುಬಿಡಿ" ಎಂದಿತ್ತು. ಬಿಡುವುದೇ? ಕೆಟ್ಟ ಅಕ್ಷರದ ಹೃದಯದ ಡಾಕ್ಟರನ್ನೇ ಮಣಿಸಿದವಳು ಅವಳು. ಫೈಲನ್ನು ಕಂಕುಳಲ್ಲಿ ಅವುಚಿಕೊಂಡು, ಲಿಫ್ಟಿಗೂ ಕಾಯದೆ ಮೂರು ಮಹಡಿ ಹತ್ತಿದಳು.

ಕಿವಿ ವಿಭಾಗದ ಬಾಗಿಲಲ್ಲಿ ಅವಳ ತಲೆ ಕಂಡದ್ದೇ ತಡ, ಕಿರಿಯ ಡಾಕ್ಟರು ಕೈಯಲ್ಲಿದ್ದ ಟಾರ್ಚು ಮೇಜಿನ ಮೇಲೆ ಬಿಟ್ಟು ಓಡಿದಳು. ಓಡಿ ಹೋಗಲು ಅಲ್ಲಿ ಇದ್ದದ್ದು ಒಂದೇ ಜಾಗ, ಕಿವಿ ಎಷ್ಟು ಕೇಳುತ್ತದೆ ಎಂದು ಪರೀಕ್ಷಿಸುವ ಗಾಜಿನ ಗೂಡು. ಹೊರಗಿನ ಸದ್ದು ಒಳಗೆ ಬಾರದಂತೆ, ಒಳಗಿನದು ಹೊರಗೆ ಹೋಗದಂತೆ ದಪ್ಪ ಬಾಗಿಲಿನ, ಗೋಡೆಗೆಲ್ಲ ಮೆತ್ತೆ ಹೊಡೆದ ಪುಟ್ಟ ಕೋಣೆ. ಹುಡುಗಿ ಒಳಹೊಕ್ಕು ಬಾಗಿಲು ಎಳೆದುಕೊಂಡಳು. ಗೂಡಿನ ಹೊರಗೆ ತನ್ನ ಯಂತ್ರದ ಮುಂದೆ ಕೂತಿದ್ದ ಪರೀಕ್ಷೆಯಾಕೆ ಬಾಯಿ ತೆರೆದುಕೊಂಡು ನೋಡಿದಳು.

ಕೋಡಕ್ಕ ಗಾಜಿನ ಮುಂದೆ ನಿಂತು ಫೈಲು ಎತ್ತಿ ತೋರಿಸಿದಳು. ತನ್ನ ಬಲಗಿವಿ ಮುಟ್ಟಿಕೊಂಡು ಹುಬ್ಬು ಏರಿಸಿದಳು, ಆಮೇಲೆ ಎಡಗಿವಿ ಮುಟ್ಟಿ ಮತ್ತೆ ಏರಿಸಿದಳು. ಒಳಗಿನವಳು ಕೈ ಮುಗಿದಳು. ಕೋಡಕ್ಕ ಬೆರಳಿನಲ್ಲಿ ಗಾಳಿಯಲ್ಲಿ ಬರೆದು ತೋರಿಸಿದಳು. ಒಳಗಿನವಳು ತನ್ನ ಒಂದು ಕಿವಿಯತ್ತ ಬೊಟ್ಟುಮಾಡಿ, ತಕ್ಷಣ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಹೊರಗೆ ಬೆಂಚಿನ ಮೇಲೆ ಸರದಿಗೆ ಕಾದಿದ್ದ ನಾಲ್ಕೈದು ಜನರಲ್ಲಿ ಅಜ್ಜಿಯೊಬ್ಬಳು, ಇದೂ ಪರೀಕ್ಷೆಯ ಭಾಗವೇ ಇರಬೇಕೆಂದು ತಾನೂ ಕಿವಿ ಮುಟ್ಟಿಕೊಂಡು ಕೂತಳು.

ಸನ್ನೆಯನ್ನು ಫೈಲಿಗೆ ಅಂಟಿಸುವುದಕ್ಕೆ ಆಗುತ್ತದೆಯೇ? ಕೋಡಕ್ಕ ಬಾಗಿಲು ಜಗ್ಗಿ ತಾನೂ ಒಳಗೆ ನುಗ್ಗಿದಳು. ಬಾಗಿಲು ಧಪ್ಪನೆ ಮುಚ್ಚಿಕೊಂಡಿತು. ಒಳಗೆ ಎಷ್ಟು ನಿಶ್ಶಬ್ದವೆಂದರೆ ಇಬ್ಬರ ಏದುಸಿರೂ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ನೋಡಮ್ಮ ತಂಗಿ, ನಾನೇನು ನಿನ್ನ ತಿಂದುಹಾಕೋದಿಲ್ಲ. ಎಡ ಅಥವಾ ಬಲ, ಒಂದು ಪದ ಬರಿ. ಯಾಕೆ ಬಂತು ಅಂತ ಇನ್ನೊಂದು ಪದ ಬರಿ. ನಾನು ಹೋಗ್ತೀನಿ."

"ಅಕ್ಕಾ, ನೀವು ಪೇಷಂಟ್ ಹೆಸರು ನೋಡಿದ್ರಾ?"

"ನಾನು ಹೆಸರು ನೋಡೋದಿಲ್ಲ."

"ಒಂದ್ಸಲ ನೋಡಿ ಅಕ್ಕಾ."

ಕೋಡಕ್ಕ ಫೈಲು ತೆರೆದಳು. ಸ್ಕೇಲು ನೆಲಮಾಳಿಗೆಯಲ್ಲೇ ಉಳಿದಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಆ ಸಾಲಿನ ಮೇಲೆ ಕಣ್ಣು ಬಿತ್ತು. ಓದಿದಳು, ಮತ್ತೊಮ್ಮೆ ಓದಿದಳು.

"ಇದು... ನಮ್ಮ..."

"ಹೌದು ಅಕ್ಕಾ. ದೊಡ್ಡ ಡಾಕ್ಟ್ರು."

"ಏನಾಯ್ತು?"

ಹುಡುಗಿ ಗಾಜಿನಾಚೆಗೆ ಒಮ್ಮೆ ನೋಡಿ ಪಿಸುಗುಟ್ಟಿದಳು. "ಕಿವಿ ಕಡೀತಿತ್ತಂತೆ. ಹೇರ್‌ಪಿನ್ ಹಾಕ್ಕೊಂಡ್ರಂತೆ."

"ಯಾರು? ಕಿವಿಗೆ ಕಡ್ಡಿ ಹಾಕಿದವರನ್ನ ಸಾಲಾಗಿ ನಿಲ್ಲಿಸಿ ಬೈಯೋರು?"

"ಅವ್ರೇ. ಅದೂ ಎಲ್ಲಿ ಗೊತ್ತಾ? ಶುಕ್ರವಾರದ ಮೀಟಿಂಗಲ್ಲಿ. ವೇದಿಕೆ ಮೇಲೆ, ಹೂದಾನಿ ಹಿಂದೆ. ಯಾರೋ ಭಾಷಣ ಮುಗಿಸಿದ್ರು, ಎಲ್ಲಾರೂ ಚಪ್ಪಾಳೆ ಹೊಡೆದ್ರು, ಇವ್ರು ಬೆಚ್ಚಿಬಿದ್ರು, ಪಿನ್ನು ಚುಚ್ಚಿಬಿಡ್ತು!"

ಕೋಡಕ್ಕ ನಗಬಾರದು ಎಂದುಕೊಂಡಳು. ರೋಗಿ ಯಾರಾದರೂ ರೋಗಿಯೇ. ತುಟಿ ಕಚ್ಚಿದಳು, ಕೆನ್ನೆ ಉಬ್ಬಿಸಿದಳು, ಮೆತ್ತೆಗೋಡೆಯ ಕಡೆ ಮುಖ ತಿರುಗಿಸಿದಳು. ಅಂದು ಚಪ್ಪಾಳೆಯ ನಡುವೆ ದೊಡ್ಡ ಡಾಕ್ಟರು ತಟಕ್ಕನೆ ಎದ್ದು ನಿಂತದ್ದೂ, ಭಾಷಣಕಾರನಿಗೆ ಗೌರವ ತೋರಿಸುತ್ತಿದ್ದಾರೆಂದು ಇಡೀ ಸಭೆಯೇ ಎದ್ದು ನಿಂತದ್ದೂ ನೆನಪಾಯಿತು. ಅಷ್ಟೇ. ಹೊಟ್ಟೆಯ ಆಳದಿಂದ ಬಂದ ನಗು ಕಟ್ಟೆಯೊಡೆದು ನುಗ್ಗಿತು. ಮೂರು ದಿನದಿಂದ ಒಬ್ಬಳೇ ಅದುಮಿಟ್ಟುಕೊಂಡಿದ್ದ ಕಿರಿಯ ಡಾಕ್ಟರೂ ಈಗ ಜೊತೆಗೂಡಿದಳು. ಒಬ್ಬಳು ಕುರ್ಚಿ ಹಿಡಿದು ಬಾಗಿದಳು, ಇನ್ನೊಬ್ಬಳು ನೆಲಕ್ಕೇ ಕೂತಳು. "ಎಲ್ಲಾರೂ ಎದ್ದು ನಿಂತ್ವಲ್ಲೇ!" "ನಾನೂ ನಿಂತೆ ಅಕ್ಕಾ!" "ಹೂದಾನಿ ಹಿಂದೆ!" ಎಂದು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಗಾಜಿನಾಚೆ ಪರೀಕ್ಷೆಯಾಕೆ ಎರಡೂ ಕೈ ಬೀಸುತ್ತಿದ್ದಳು. ಅವಳಿಗೂ ನಗು ಹತ್ತಿದೆ ಎಂದುಕೊಂಡು ಇವರೂ ಕೈ ಬೀಸಿದರು. ಅವಳು ಯಂತ್ರದ ಮೇಲಿನ ಸ್ಪೀಕರನ್ನು ತೋರಿಸಿದಳು. ಇವರು ಇನ್ನಷ್ಟು ನಕ್ಕರು.

ಮೊದಲು ನಗು ನಿಂತದ್ದು ಕಿರಿಯ ಡಾಕ್ಟರದು. ಗೂಡಿನೊಳಗೆ ಕೂತ ರೋಗಿಯ ಮಾತು ಹೊರಗೆ ಕೂತವರಿಗೆ ಕೇಳಲೆಂದು ಒಳಗೊಂದು ಮೈಕು ಇರುತ್ತದೆ. ಅದರ ಪುಟ್ಟ ಕೆಂಪು ದೀಪ ಉರಿಯುತ್ತಿತ್ತು. ಹೊರಗೆ, ಪರೀಕ್ಷೆಯಾಕೆಯ ಬೆನ್ನ ಹಿಂದೆ, ಸ್ಪೀಕರಿನತ್ತ ಒಂದು ಕಿವಿ ವಾಲಿಸಿಕೊಂಡು ದೊಡ್ಡ ಡಾಕ್ಟರು ನಿಂತಿದ್ದರು. ಗಾಯವಾಗದೆ ಉಳಿದದ್ದು ಆ ಕಿವಿಯೇ. ಇನ್ನೊಂದರಿಂದ ಹತ್ತಿಯ ಚೂರು ಇಣುಕುತ್ತಿತ್ತು.

ಇಬ್ಬರೂ ಹೊರಗೆ ಬಂದರು. ಕೋಡಕ್ಕನಿಗೆ ಹಾಳು ನಗು ಬಿಕ್ಕಳಿಕೆಯಾಗಿ ಇನ್ನೂ ಪುಟಿಯುತ್ತಿತ್ತು.

"ತಪ್ಪಾಯ್ತು ಸಾರ್. ನಗಬಾರದಿತ್ತು... ಹಿಕ್... ನಾನು."

"ಆ ಫೈಲು ಇಲ್ಲಿ ಕೊಡಿ" ಅಂದರು ದೊಡ್ಡ ಡಾಕ್ಟರು.

ಕೊಟ್ಟಳು. ಕೊಟ್ಟ ಮೇಲೂ ಜಾಗ ಬಿಟ್ಟು ಕದಲಲಿಲ್ಲ.

"ಇನ್ನೇನು?"

"ಸಾರ್, ರಕ್ತ ಬಂದದ್ದು... ಹಿಕ್... ಯಾವ ಕಿವಿಯಿಂದ? ಕಾರಣವೇನು?"

ಪರೀಕ್ಷೆಯಾಕೆ ಕಣ್ಣು ಮುಚ್ಚಿಕೊಂಡಳು. ದೊಡ್ಡ ಡಾಕ್ಟರ ಹುಬ್ಬು ಮೇಲೇರಿತು. "ಈಗಷ್ಟೇ ಎಲ್ಲಾ ಕೇಳಿದ್ರಲ್ಲಮ್ಮ!"

"ಕೇಳಿದ್ದನ್ನ ನಾನು ಬರೆಯೋ ಹಾಗಿಲ್ಲ ಸಾರ್. ಫೈಲಲ್ಲಿ ಇರ್ಬೇಕು."

"ತಾನಾಗೇ ಬಂತು ಅಂತ ಹಾಕಿ. ಮುಗೀತು."

"ತಾನಾಗೇ ಬಂತು ಅಂದ್ರೆ ಒಂದು ಸಂಖ್ಯೆ ಸಾರ್, ಗಾಯ ಆಗಿ ಬಂತು ಅಂದ್ರೆ ಬೇರೆ ಸಂಖ್ಯೆ. ನಾಳೆ ನಿಮ್ಮನ್ನ ನೋಡೋ ಡಾಕ್ಟರು, ಈ ವಯಸ್ಸಲ್ಲಿ ಸುಮ್ಮಸುಮ್ಮನೆ ಯಾಕೆ ರಕ್ತ ಬಂತು ಅಂತ ತಲೆಬುರುಡೆಯೆಲ್ಲಾ ಹುಡುಕ್ತಾರೆ."

ಅಷ್ಟು ಹೇಳುವಷ್ಟರಲ್ಲಿ ಅವಳ ಬಿಕ್ಕಳಿಕೆ ನಿಂತೇ ಹೋಗಿತ್ತು. ದೊಡ್ಡ ಡಾಕ್ಟರು ಏನೋ ಹೇಳಲು ಬಾಯಿ ತೆರೆದರು. ಆದರೆ ಕೇಳಿಸಿದ್ದು ಕಾರಿಡಾರಿನ ಕೊನೆಯಿಂದ ಬಂದ ಬೇರೊಂದು ದನಿ.

"ರೀ! ಎಲ್ಲಿದ್ದೀರಿ ರೀ?"

ದಪ್ಪ ತುರುಬಿನ, ಅರವತ್ತರ ಹತ್ತಿರದ ಹೆಂಗಸೊಬ್ಬಳು ಓಡುತ್ತ ಬಂದಳು. ಒಂದು ಕಾಲಿಗೆ ಕಪ್ಪು ಚಪ್ಪಲಿ, ಇನ್ನೊಂದಕ್ಕೆ ಕಂದು. ಕೈಯಲ್ಲಿ ಫೋನು. ದೊಡ್ಡ ಡಾಕ್ಟರ ಹೆಂಡತಿ.

"ನಾಡಿದ್ದು ತಲೆ ಸ್ಕ್ಯಾನಂತೆ! ಮೆಸೇಜು ಬಂದಿದೆ! ತಲೇಲಿ ಏನಿದೆಯಂತೆ ರೀ?"

"ಏನೂ ಇಲ್ಲ ಕಣೇ."

"ಏನೂ ಇಲ್ಲ ಅಂತ ನಂಗೊತ್ತು. ಸ್ಕ್ಯಾನು ಯಾಕೆ ಅಂತ ಕೇಳ್ತಿರೋದು!"

ಕಿರಿಯ ಡಾಕ್ಟರ ಮುಖ ಬಿಳುಚಿಕೊಂಡಿತು. ಕಿವಿಯಿಂದ ರಕ್ತ ಬಂದವರಿಗೆ "ಕಾರಣ ತಿಳಿದಿಲ್ಲ" ಎಂಬ ಚೌಕದಲ್ಲಿ ಟಿಕ್ ಬಿದ್ದರೆ, ಕಂಪ್ಯೂಟರು ತಾನೇ ಸ್ಕ್ಯಾನಿಗೆ ದಿನ ಗೊತ್ತುಮಾಡಿ ಮನೆಯ ಫೋನಿಗೆ ತಿಳಿಸುತ್ತಿತ್ತು. ಆ ಏರ್ಪಾಡು ಮಾಡಿಸಿದವರೂ ದೊಡ್ಡ ಡಾಕ್ಟರೇ.

ಹೆಂಡತಿಗೆ ಈಗ ಹತ್ತಿ ಕಾಣಿಸಿತು. "ಅಯ್ಯೋ, ಕಿವಿಗೆ ಏನಾಯ್ತು? ಮೂರು ದಿನದಿಂದ ಮಫ್ಲರ್ ಸುತ್ಕೊಂಡು ಓಡಾಡ್ತಿದ್ದೀರಿ, ಶೀತ ಅಂದ್ರಿ! ನಂಗೆ ಹೇಳದೆ ಎಂಥ ದೊಡ್ಡ ಕಾಯಿಲೆ ಮುಚ್ಚಿಟ್ಕೊಂಡಿದ್ದೀರಿ?" ಅಲ್ಲಿಗೆ ಅವಳು ಅತ್ತೇಬಿಟ್ಟಳು. ಬೆಂಚಿನ ಅಜ್ಜಿ ಎದ್ದು ಬಂದು ಅವಳ ಬೆನ್ನು ಸವರಿದಳು.

ಕೋಡಕ್ಕ ತಲೆ ತಗ್ಗಿಸಿ ನಿಂತಳು. ಅವಳಿಗೆ ಗೊತ್ತಿತ್ತು. ಪಕ್ಕದಲ್ಲಿದ್ದ ಇಬ್ಬರಿಗೂ ಗೊತ್ತಿತ್ತು. ಆದರೆ ಅದು ರೋಗಿಯ ಮಾತು, ರೋಗಿಯೇ ಆಡಬೇಕು. ಆಗ ಮಾತ್ರ ಅವಳಿಗೆ ಒಂದಿಷ್ಟೂ ನಗು ಬರಲಿಲ್ಲ.

ದೊಡ್ಡ ಡಾಕ್ಟರು ಹೆಂಡತಿಯನ್ನು ನೋಡಿದರು. ಜೋಡಿಯಲ್ಲದ ಚಪ್ಪಲಿಗಳನ್ನು ನೋಡಿದರು. ಹುಬ್ಬು ನಿಧಾನಕ್ಕೆ ಕೆಳಗಿಳಿಯಿತು.

"ಬರೆಯಮ್ಮ" ಅಂದರು ಕಿರಿಯ ಡಾಕ್ಟರಿಗೆ, ಫೈಲು ಕೊಡುತ್ತ.

"ನಾನಾ ಸಾರ್?"

"ಮತ್ತೆ ಇನ್ಯಾರು? ಇಲ್ಲಿ ಡಾಕ್ಟರು ನೀನು, ನಾನು ಪೇಷಂಟು. ಹಳೇದನ್ನ ಹೊಡೆದುಹಾಕಬೇಡ. ಕೆಳಗೆ ಇವತ್ತಿನ ತಾರೀಕು ಹಾಕಿ ಸೇರಿಸು. ಎಡಗಿವಿ."

ಕೋಡಕ್ಕನಿಗೆ ರೋಮಾಂಚನವಾಯಿತು. ಎಡಗಿವಿ!

"ಕಿವಿಯ ನಾಳದಲ್ಲಿ ಗೀರಿದ ಗಾಯ. ಕಿವಿತಮಟೆಗೆ ಏನೂ ಆಗಿಲ್ಲ. ಒಳಗೆ ಏನೂ ಉಳಿದಿಲ್ಲ. ಕಾರಣ..." ಅವರು ಗಂಟಲು ಸರಿಮಾಡಿಕೊಂಡರು. "ಹೇರ್‌ಪಿನ್. ಸ್ವತಃ ಹಾಕಿಕೊಂಡದ್ದು."

ಅಳುತ್ತಿದ್ದ ಹೆಂಡತಿ ತಲೆ ಎತ್ತಿದಳು. "ಏನು ಪಿನ್ನು?"

"ಹೇರ್‌ಪಿನ್ ಕಣೇ."

"ನಿಮಗೆಲ್ಲಿದೆ ರೀ ಹೇರು?"

ಈ ಸಲ ಪರೀಕ್ಷೆಯಾಕೆ ಕಿಸಕ್ಕೆಂದಳು. ದೊಡ್ಡ ಡಾಕ್ಟರು ಕೋಟಿನ ಜೇಬಿಗೆ ಕೈ ಹಾಕಿ, ಸಿಕ್ಕಿಬಿದ್ದವರ ಹಾಗೆ, ಒಂದೊಂದಾಗಿ ನಾಲ್ಕು ಪಿನ್ನು ತೆಗೆದು ಮೇಜಿನ ಮೇಲಿಟ್ಟರು. ಹೆಂಡತಿ ಅವುಗಳನ್ನು ನೋಡಿದಳು. ತುರುಬು ಮುಟ್ಟಿ ನೋಡಿಕೊಂಡಳು.

"ಎಷ್ಟು ವರ್ಷದಿಂದ?"

"ಮದುವೆ ಆದಾಗಿಂದ. ಅದರ ಸುಖ ನಿಂಗೆ ಗೊತ್ತಿಲ್ಲ ಕಣೇ" ಎಂದು ಅವರು ಅರೆಗಳಿಗೆ ಕಣ್ಣು ಮುಚ್ಚಿದರು. "ದಿನಕ್ಕೆ ಇಪ್ಪತ್ತು ಜನಕ್ಕೆ ಹಾಕ್ಕೋಬೇಡಿ ಅಂತೀನಿ. ಒಬ್ಬೊಬ್ರಿಗೆ ಹೇಳಿದಾಗಲೂ ನಂಗೆ ಕಡಿಯೋಕೆ ಶುರುವಾಗುತ್ತೆ."

"ನನ್ನ ತಂಗಿ ಬಂದುಹೋದಾಗಲೆಲ್ಲಾ ಪಿನ್ನು ಕಮ್ಮಿಯಾಗುತ್ತೆ ಅಂತ ಅವಳ ಹತ್ರ ಎರಡು ವರ್ಷದಿಂದ ಮಾತು ಬಿಟ್ಟಿದ್ದೀನಲ್ರೀ!" ಎಂದು ಹೆಂಡತಿ ಚೀರಿದಳು. ಅಲ್ಲೇ, ಅದೇ ನಿಮಿಷ, ಫೋನು ಒತ್ತಿದಳು. "ಹಲೋ, ನಾನು ಕಣೇ ಅಕ್ಕ. ಇಡಬೇಡ, ಇಡಬೇಡ! ಪಿನ್ನು ನೀನು ತಗೊಂಡಿಲ್ಲ ಕಣೇ! ನಿಮ್ಮ ಭಾವ ತಗೊಂಡಿದ್ದಾರೆ! ಕಿವಿಗೆ! ಹೂಂ, ಕಿವಿ ಡಾಕ್ಟ್ರು!" ಫೋನಿನಾಚೆ ಎಂಥ ನಗು ಸಿಡಿಯಿತೆಂದರೆ ಬೆಂಚಿನ ಮೇಲಿದ್ದ, ಕಿವಿ ಕೇಳದ ನಾಲ್ವರಿಗೂ ಅದು ಕೇಳಿಸಿತು. ಹೆಂಡತಿಯೂ ನಕ್ಕಳು, ಕಣ್ಣೀರು ಇನ್ನೂ ಕೆನ್ನೆಯ ಮೇಲಿದ್ದಂತೆಯೇ. ಕೊನೆಗೆ ದೊಡ್ಡ ಡಾಕ್ಟರೂ ನಕ್ಕರು. ನಕ್ಕರೆ ಎಡಗಿವಿ ನೋಯುತ್ತಿತ್ತು. ಅದನ್ನು ಹಿಡಿದುಕೊಂಡೇ "ಅಯ್ಯಪ್ಪಾ, ಅಯ್ಯಪ್ಪಾ" ಎಂದು ನಕ್ಕರು. ಆ ಹುಬ್ಬುಗಳಿಗೆ ಕುಣಿಯಲು ಬರುತ್ತದೆಂದು ಆಸ್ಪತ್ರೆಗೆ ಅಂದೇ ಗೊತ್ತಾದದ್ದು.

ಕಿರಿಯ ಡಾಕ್ಟರು ಕೊನೆಯ ಸಾಲು ಬರೆದು ಸಹಿ ಹಾಕಿದಳು. ಮೊದಲಿನ ಸಹಿಗಿಂತ ದುಪ್ಪಟ್ಟು ದೊಡ್ಡದಿತ್ತು.

"ಸಾಕಾ ಅಮ್ಮ?" ಎಂದು ಕೇಳಿದರು ದೊಡ್ಡ ಡಾಕ್ಟರು.

"ಇನ್ನು ಎರಡೇ ಸಾರ್" ಅಂದಳು ಕೋಡಕ್ಕ. "ಗಾಯ ಆದದ್ದು ಎಲ್ಲಿ? ಆಗ ಏನು ಮಾಡ್ತಿದ್ರಿ? ಅವಕ್ಕೂ ಬೇರೆ ಸಂಖ್ಯೆ ಇದೆ."

"ಸಭಾಂಗಣದಲ್ಲಿ. ಭಾಷಣ ಕೇಳ್ತಿದ್ದೆ."

"ಎಡಗಿವೀಲೂ ಕೇಳ್ತಿದ್ರಾ ಸಾರ್?" ಎಂದು ಕಿರಿಯ ಡಾಕ್ಟರು ಬಾಯಿತಪ್ಪಿ ಕೇಳಿಬಿಟ್ಟಳು. ಮತ್ತೆ ಎಲ್ಲರೂ ಶುರುಮಾಡಿದರು.

ಕೋಡಕ್ಕ ಕೆಳಗಿಳಿದು ಬಂದು ಕುರ್ಚಿಯಲ್ಲಿ ಕೂತಾಗ ಮಧ್ಯಾಹ್ನ ದಾಟಿತ್ತು. "ಕಿವಿಯಿಂದ ರಕ್ತ" ಎಂಬ ಸಂಖ್ಯೆಯೇ ಈಗ ಬೇಡವಾಗಿತ್ತು. ಗಾಯವೇ ಗೊತ್ತಾದ ಮೇಲೆ ರಕ್ತಕ್ಕೆ ಬೇರೆ ಲೆಕ್ಕ ಯಾಕೆ? ಎಡಗಿವಿಯ ಗಾಯಕ್ಕೊಂದು, ಚುಚ್ಚಿದ ವಸ್ತುವಿಗೊಂದು, ಜಾಗಕ್ಕೊಂದು, ಮಾಡುತ್ತಿದ್ದ ಕೆಲಸಕ್ಕೊಂದು, ಒಟ್ಟು ನಾಲ್ಕು ಸಂಖ್ಯೆ. ಅವು ಪರದೆಯ ಮೇಲೆ ಸಾಲಾಗಿ ನಿಂತಾಗ ಅವಳು ಎರಡು ನಿಮಿಷ ಸುಮ್ಮನೆ ನೋಡುತ್ತ ಕೂತಳು. ಒಂದು ಗುಂಡಿ ಒತ್ತಿದಳು. ನಾಡಿದ್ದಿನ ಸ್ಕ್ಯಾನು ಪಟ್ಟಿಯಿಂದ ಮಾಯವಾಯಿತು. ಆಮೇಲೆ ಮುಂದಿನ ಫೈಲು ಎಳೆದುಕೊಂಡಳು. ಯಾರದೋ ಹೆಬ್ಬೆರಳು, ಬಲಗೈಯದು, ಎಲ್ಲ ಸರಿಯಾಗಿ ಬರೆದಿತ್ತು. ಆದರೂ ಅವಳಿಗೆ ನಗು ಬಂತು.

ಸಂಜೆ ಬಸ್ಸಿನಲ್ಲಿ ನಿಂತಾಗಲೂ ಬಂತು. ಮನೆ ಮುಟ್ಟಿ, ಕೈಕಾಲು ತೊಳೆದು, ಊಟಕ್ಕೆ ಕೂತಾಗ ಲೋಟ ಎತ್ತಿದವಳು ನೀರು ನೆತ್ತಿಗೇರುವಷ್ಟು ನಕ್ಕಳು. ಅತ್ತೆ ಎದ್ದು ಬಂದು ನೆತ್ತಿ ತಟ್ಟಿದರು.

"ಏನಾಯ್ತೇ?"

"ಹೇಳೋ ಹಾಗಿಲ್ಲ ಅತ್ತೆ. ಆಸ್ಪತ್ರೆ ವಿಷಯ."

"ಹೇಳೋ ಹಾಗಿಲ್ಲ ಅಂದ್ರೆ ನಗೋ ಹಾಗೂ ಇಲ್ಲ" ಅಂದ ಗಂಡ. "ಮನೆಯವರನ್ನ ಹೀಗೆ ಗೋಳುಹುಯ್ಕೋಬಾರದು."

"ಆಯ್ತು, ನಗಲ್ಲ" ಎಂದು ಕೋಡಕ್ಕ ತುಟಿ ಬಿಗಿದಳು. ಮೂರು ಎಣಿಸುವಷ್ಟು ಹೊತ್ತು ಬಿಗಿಹಿಡಿದಳು. ಮೊದಲು ಭುಜ ಕುಲುಕಿತು, ಆಮೇಲೆ ತಟ್ಟೆ. ಅವಳ ಅವಸ್ಥೆ ನೋಡುತ್ತ ನೋಡುತ್ತ ಅತ್ತೆಯ ತುಟಿಯೂ ಅದುರತೊಡಗಿತು. "ಏನೇ ಅದು, ಹೇಳೇ, ಅಯ್ಯೋ ನಂಗೂ ಬರ್ತಿದೆಯಲ್ಲೇ" ಎನ್ನುತ್ತ ಅವರೂ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಗಂಡ ಇಬ್ಬರನ್ನೂ ಬಾರಿಬಾರಿಗೂ ನೋಡಿದ. "ನಿಮ್ಮಿಬ್ರಿಗೂ ಏನಾಗಿದೆ?" ಎಂದು ಗಂಭೀರವಾಗಿ ಕೇಳಲು ಹೊರಟವನು ಮಾತಿನ ಅರ್ಧಕ್ಕೇ ತಾನೂ ಬಿದ್ದು ಬಿದ್ದು ನಗತೊಡಗಿದ.